ಕಳೆ ಕೀಳುವವಳ ‘ಸಾಮಿ’ ಯಾರು?

ರಾತ್ರಿ ಊಟವಾದ ಮೇಲೆ ನಮ್ಮ ಹಾಸ್ಟೆಲ್ಲಿನಲ್ಲಿ ಯಾರಾದರೊಬ್ಬರ ಫೋನಿನಿಂದ ಹೋಝಿಯರ್‌ನ ‘ವರ್ಕ್ ಸಾಂಗ್’ ಕೇಳಿಬರುತ್ತದೆ. ಐರ್ಲೆಂಡಿನ ಈ ಗಾಯಕ 2014ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಹಾಡಿದ ಪ್ರೇಮಗೀತೆ ಅದು. ನಿಧಾನವಾದ ಚಪ್ಪಾಳೆ, ಒಂದಿಷ್ಟು ಗುನುಗು, ಪಲ್ಲವಿ ಬರುವ ಹೊತ್ತಿಗೆ ಚರ್ಚಿನ ಮೇಳದ ಹಾಗೆ ಕೂಡಿಕೊಳ್ಳುವ ದನಿಗಳು. ಸತ್ತು ಹೂಳಿದ ಮೇಲೂ ಎದ್ದು ಅವಳ ಹತ್ತಿರ ಬರುತ್ತೇನೆ ಎಂಬುದು ಅದರ ಸಾರ.

ಹಾಡು ಮುಗಿದರೆ ವಾದ ಶುರು. ಒಂದು ಗುಂಪು, ದೇವರಿಗೆ ಮೀಸಲಾದ ಮಾತನ್ನು ಪ್ರೇಯಸಿಗೆ ಹೇಳಿದನಲ್ಲ, ಎಂಥ ಧೈರ್ಯ ಎನ್ನುತ್ತದೆ. ಇನ್ನೊಂದು ಗುಂಪು, ಇದರಲ್ಲೇನು ಹೊಸದು, ಹನ್ನೆರಡನೇ ಶತಮಾನದಲ್ಲೇ ಅಕ್ಕಮಹಾದೇವಿ ದೇವರನ್ನೇ ಗಂಡನೆಂದಳು ಎನ್ನುತ್ತದೆ. ನನಗೆ ಎರಡೂ ಗುಂಪಿನ ಮೇಲೆ ತಕರಾರಿದೆ. ಮೂರು ವರ್ಷದಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹೆಂಗಸರ ಕೆಲಸದ ಪದಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತ ತಿರುಗಿದವನು ನಾನು. ತಕರಾರಿನ ಬೇರು ಅಲ್ಲಿದೆ.

ಮೊದಲ ಗುಂಪಿಗೆ ಮೊದಲ ಮಾತು. ಸಮಾಧಿ ನನ್ನನ್ನು ಹಿಡಿದಿಡಲಾರದು ಎಂಬುದು ಹೋಝಿಯರ್ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಅಮೆರಿಕದ ದಕ್ಷಿಣದ ಚರ್ಚುಗಳಲ್ಲಿ ಹಾಡಾಗಿತ್ತು. ಅಲ್ಲಿ ಅದು ಪುನರುತ್ಥಾನದ ನಂಬಿಕೆ. ಚರ್ಚಿನ ಹಾಡಿಗೂ ಬ್ಲೂಸಿಗೂ ನಡುವಿನ ಬಾಗಿಲನ್ನು ಯಾರೂ ಒದ್ದು ತೆರೆಯಬೇಕಾಗಿರಲಿಲ್ಲ. ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ, ಅದಕ್ಕೆ ಮೊದಲು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡುತ್ತಿದ್ದವನು. ಇನ್ನು ‘ಕೆಲಸದ ಹಾಡು’ ಎಂಬ ಹೆಸರು. ಅದು ಗುಲಾಮಗಿರಿಯ ಹೊಲಗಳಿಂದ, ಆಮೇಲೆ ಮಿಸಿಸಿಪಿಯ ಪಾರ್ಚ್‌ಮನ್‌ನಂಥ ಜೈಲು ಹೊಲಗಳಿಂದ ಬಂದ ಪ್ರಕಾರ. ಕೊಡಲಿ ಎತ್ತಿ ಬೀಳಿಸುವ ಲಯಕ್ಕೆ ಕಪ್ಪು ಕೈದಿಗಳು ಸಾಲಾಗಿ ನಿಂತು ಹಾಡುತ್ತಿದ್ದರು. ಕೊಡಲಿಯ ಪೆಟ್ಟು ಬೀಳುತ್ತಿದ್ದ ಜಾಗದಲ್ಲಿ ಈಗ ಚಪ್ಪಾಳೆ ಬೀಳುತ್ತಿದೆ. ಈ ಸಾಲವನ್ನು ಹೋಝಿಯರ್ ಮುಚ್ಚಿಟ್ಟವನಲ್ಲ. 2018ರ ‘ನೀನಾ ಕ್ರೈಡ್ ಪವರ್’ನಲ್ಲಿ ನೀನಾ ಸಿಮೋನ್ ಮೊದಲಾದವರ ಹೆಸರುಗಳನ್ನೇ ಹಾಡಿದ್ದಾನೆ, ಮೇವಿಸ್ ಸ್ಟೇಪಲ್ಸ್ ದನಿಯೂ ಅಲ್ಲಿದೆ. ಸಾಲವನ್ನು ಮರೆತು ಧೈರ್ಯವನ್ನಷ್ಟೇ ಹೊಗಳುವವರು ನಾವು.

ಎರಡನೇ ಗುಂಪಿನ ಜೊತೆಗಿನ ಜಗಳ ಮನೆಯೊಳಗಿನದು. ಅದಕ್ಕೆ ಪಾವಗಡದ ಕಡೆಯ ಒಂದು ಮಧ್ಯಾಹ್ನವನ್ನು ಹೇಳಬೇಕು.

ಕಡಲೆಕಾಯಿ ಹೊಲದ ಬದುವಿನ ಮೇಲೆ, ಹುಣಸೆ ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಕಳೆ ಕೀಳುವ ಪದ ಹೇಳಿದರು. ಸಾಲು ಸಾಲಿಗೂ ‘ಸಾಮಿ’ ಬರುತ್ತಾನೆ. ನಮ್ಮ ಸೀಮೆಯಲ್ಲಿ ಸಾಮಿ ಎಂದರೆ ದೇವರೂ ಹೌದು, ಗಂಡನೂ ಹೌದು, ಎದುರಿಗೆ ನಿಂತ ಜಮೀನಿನ ಯಜಮಾನನೂ ಹೌದು. ನನ್ನ ಕೈಯಲ್ಲಿ ಒಂದು ನಮೂನೆ ಇತ್ತು. ಅದರಲ್ಲೊಂದು ಕಲಂ: ಹಾಡಿನ ಪ್ರಕಾರ. ಭಕ್ತಿ, ಶೃಂಗಾರ, ಶ್ರಮ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು.

“ಅಜ್ಜೀ, ಈ ಪದದಲ್ಲಿ ಬರೋ ಸಾಮಿ ದೇವರಾ, ಅಜ್ಜನಾ?” ಎಂದೆ.

ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನಕ್ಕರು. “ಯಾರು ಬಂದ್ರೆ ಅವ್ರು ಕಣಪ್ಪ. ಸೊಂಟ ನೋಯ್ತಿದ್ದಾಗ ಇಬ್ರೂ ಬರ್ಲಿಲ್ಲ.”

ನಾನು ‘ಭಕ್ತಿ’ಗೆ ಗುರುತು ಹಾಕಿದೆ. ಆ ಗುರುತಿನ ನಾಚಿಕೆ ಈ ಲೇಖನ ಬರೆಸುತ್ತಿದೆ.

ವಿಂಗಡಣೆ ಬೇಡವೆಂದು ನಾನು ಹೇಳುತ್ತಿಲ್ಲ. ಬೀಸುವ ಪದ, ಕುಟ್ಟುವ ಪದ, ನಾಟಿ ಪದ, ಸೋಬಾನೆ ಎಂದು ಹಿಂದಿನವರು ಕಟ್ಟಿಟ್ಟ ಗಂಟುಗಳಿಲ್ಲದಿದ್ದರೆ ನಮ್ಮ ಕೈಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಗಮನಿಸಿ, ಅವೆಲ್ಲ ಹಾಡುವವರೇ ಇಟ್ಟ ಹೆಸರುಗಳು, ಕೆಲಸದಿಂದ ಹುಟ್ಟಿದವು. ಭಕ್ತಿ, ಶೃಂಗಾರ ಎಂಬುವು ನಾವು ಕಾವ್ಯಮೀಮಾಂಸೆಯಿಂದ ಹೊತ್ತು ತಂದ ಡಬ್ಬಗಳು. ಆ ಅಜ್ಜಿಯ ಪದದಲ್ಲಿ ದೇವರು, ಗಂಡ, ಕೂಲಿ ಮೂರೂ ಒಂದೇ ಉಸಿರಿನಲ್ಲಿವೆ. ‘ಭಕ್ತಿ’ ಎಂದು ಬರೆದ ಕ್ಷಣ ಸೊಂಟನೋವು ಬಿದ್ದುಹೋಗುತ್ತದೆ, ಬಾರದ ಗಂಡನ ಮೇಲಿನ ಸಿಟ್ಟು ಬಿದ್ದುಹೋಗುತ್ತದೆ. ಉಳಿಯುವುದು ಮುಗ್ಧ ಜನಪದ ಹೆಣ್ಣಿನ ದೈವಭಕ್ತಿ. ಸಮಾರಂಭದ ಪ್ರಾರ್ಥನೆಗೆ ಒದಗುತ್ತದೆ, ಯಾರಿಗೂ ಮುಜುಗರವಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಐರ್ಲೆಂಡಿನ ಹುಡುಗ ದೇವರ ಮಾತನ್ನೂ ಪ್ರೀತಿಯ ಮಾತನ್ನೂ ಬೆರೆಸಿದರೆ ನಾವು ಅದಕ್ಕೆ ಕಲೆ ಎನ್ನುತ್ತೇವೆ. ಅಕ್ಕ ಬೆರೆಸಿದರೆ ಅನುಭಾವ ಎನ್ನುತ್ತೇವೆ. ಪಾವಗಡದ ಕೂಲಿಯವಳು ಬೆರೆಸಿದರೆ ಮಾತ್ರ ಯಾವುದಾದರೂ ಒಂದು ಆರಿಸು ಎನ್ನುತ್ತೇವೆ. ಅಕ್ಕನ ಹೆಸರು ಹೇಳಿ ಹೋಝಿಯರ್‌ನನ್ನು ಸಣ್ಣವನನ್ನಾಗಿ ಮಾಡುವ ಗೆಳೆಯರೇ, ಈಗ ಬದುವಿನ ಮೇಲೆ ಕೂತಿರುವವಳ ಒಂದು ಪದವನ್ನಾದರೂ ಹಾಗೆ ಕೂತು ಕೇಳಿದ್ದೀರಾ? ಎಂಟುನೂರು ವರ್ಷದ ಹಿಂದಿನವಳನ್ನು ಗುರಾಣಿ ಮಾಡಿಕೊಂಡರೆ ಇಂದಿನವಳನ್ನು ಕೇಳಬೇಕಾಗಿಲ್ಲವಲ್ಲ!

ಗಂಡಸರ ಪದಕ್ಕೆ ಈ ಗತಿ ಬಂದಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪನ ಕಾವ್ಯಕ್ಕೆ ಪುಸ್ತಕಗಳಿವೆ, ಅಧ್ಯಯನಗಳಿವೆ. ಇರಬೇಕಾದದ್ದೇ. ಹೆಂಗಸರಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಿರಿಯಜ್ಜಿಯ ಹೆಸರು ಉಳಿಯಿತು, ಕೃಷ್ಣಮೂರ್ತಿ ಹನೂರು ಅಂಥವರು ಹಾಡಿನ ಜೊತೆ ಹಾಡಿದವರನ್ನೂ ಕಂಡದ್ದರಿಂದ. ಉಳಿದವರು ನಮ್ಮ ಪ್ರಬಂಧಗಳಲ್ಲಿ ‘ವಕ್ತೃ 14’, ‘ವಕ್ತೃ 27’.

ಹೆಸರು ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜಕಥೆಯಿದೆ. 1959ರಲ್ಲಿ ಮಿಸಿಸಿಪಿಯ ಜೈಲಿನಲ್ಲಿ ಅಲನ್ ಲೋಮ್ಯಾಕ್ಸ್ ಕೈದಿಗಳ ಒಂದು ಹಾಡನ್ನು ರೆಕಾರ್ಡ್ ಮಾಡಿದ. ಮುಂದಾಳಾಗಿ ಹಾಡಿದವನ ಹೆಸರು ಜೇಮ್ಸ್ ಕಾರ್ಟರ್ ಎಂದು ಬರೆದುಕೊಂಡ. 2000ದಲ್ಲಿ ಆ ಧ್ವನಿಮುದ್ರಣ ಒಂದು ಹಾಲಿವುಡ್ ಸಿನಿಮಾಕ್ಕೆ ಹೋಯಿತು, ಅದರ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಲೋಮ್ಯಾಕ್ಸ್ ಸಂಗ್ರಹದವರು ಹುಡುಕುತ್ತ ಹೋಗಿ ಶಿಕಾಗೋದಲ್ಲಿ ಮುದುಕನಾಗಿದ್ದ ಕಾರ್ಟರ್‌ನನ್ನು ಕಂಡುಹಿಡಿದರು, 20,000 ಡಾಲರಿನ ಚೆಕ್ ಕೈಗಿಟ್ಟರು. ತಾನು ಹಾಡಿದ್ದೇ ಅವನಿಗೆ ನೆನಪಿರಲಿಲ್ಲ. ‘ಕೈದಿ 14’ ಎಂದು ಬರೆದಿದ್ದರೆ ಆ ಚೆಕ್ ಯಾರ ಮನೆಗೆ ಹೋಗಬೇಕಿತ್ತು?

ಲೋಮ್ಯಾಕ್ಸ್ ದೇವಮಾನವನಲ್ಲ. 1947–48ರಲ್ಲಿ ಪಾರ್ಚ್‌ಮನ್‌ನಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಹೊರತಂದಾಗ ಹಾಡಿದವರಿಗೆ ಅಡ್ಡಹೆಸರುಗಳಷ್ಟೇ ಇದ್ದವು. ಒಬ್ಬನಂತೂ ಬರೀ ‘22’. ಅದನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮಂಥ ಸಂಶೋಧಕರಿಗೆ ಪಾಠ ಸಿಗುತ್ತದೆ.

ಆತುರಕ್ಕೆ ಇನ್ನೊಂದು ಕಾರಣವಿದೆ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನು ಗುತ್ತಿಗೆಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಬಾಡಿಗೆ ಗೊತ್ತಾಯಿತು. ಬರದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ, ನಾನು ಅದನ್ನು ಹಳಿಯುವುದಿಲ್ಲ. ಆದರೆ ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರ ಹೆಸರಿನಲ್ಲಿ ಜಮೀನಿರಲಿಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಕೆಲಸ ಹೋದ ಕಡೆ ಕೆಲಸದ ಪದ ಯಾವ ಲಯಕ್ಕೆ ನಿಲ್ಲಬೇಕು? ಗಾಜಿನ ಫಲಕಗಳ ಸಾಲಿನಲ್ಲಿ ಬಗ್ಗಿ ಹಾಡುವವರಿಲ್ಲ.

ಹಾಗಾಗಿ ನನ್ನ ಬೇಡಿಕೆ ಸರಳ. ಪದ ಹೇಳಿದವರು ಬೇಡವೆನ್ನದ ಹೊರತು ಅವರ ಹೆಸರು ಬರೆಯೋಣ. ಯಾವ ಕೆಲಸ, ಎಷ್ಟು ಕೂಲಿ, ಯಾರ ಹೊಲ ಎಂದು ಬರೆಯೋಣ. ಪದ ಅಚ್ಚಾದರೆ ಪುಸ್ತಕವೂ ದುಡ್ಡೂ ಅವರ ಮನೆಗೆ ಹೋಗಲಿ. ಸಾಮಿ ಯಾರೆಂಬುದನ್ನು ಅವರು ತೀರ್ಮಾನಿಸದೆ ಬಿಟ್ಟರೆ ನಾವೂ ಬಿಡೋಣ.

ಹೋದ ತಿಂಗಳು ಅಜ್ಜಿಯ ಹತ್ತಿರ ಮತ್ತೆ ಹೋಗಿದ್ದೆ. ಫೋನಿನಲ್ಲಿ ‘ವರ್ಕ್ ಸಾಂಗ್’ ಹಾಕಿ, ಇದೂ ಕೆಲಸದ ಪದವಂತೆ ಎಂದೆ. ಭಾಷೆ ತಿಳಿಯದು, ಆದರೂ ತಲೆದೂಗುತ್ತ ಚಪ್ಪಾಳೆಯ ಲಯ ಹಿಡಿದರು. ಸ್ವಲ್ಪ ಹೊತ್ತು ಕೇಳಿ, “ದಿನಗೂಲಿ ಪದ ಕಣಪ್ಪ ಇದು. ಗುತ್ತಿಗೆ ಕೆಲಸ ಆಗಿದ್ರೆ ಇಷ್ಟು ನಿಧಾನಕ್ಕೆ ಆಡ್ತಿರ್ಲಿಲ್ಲ,” ಎಂದರು. ಇಷ್ಟು ದಿನದ ನಮ್ಮ ಹಾಸ್ಟೆಲ್ ವಾದದಲ್ಲಿ ಯಾರಿಗೂ ಹೊಳೆಯದ ವಿಮರ್ಶೆ ಅದು.

ಹಳೆಯ ನಮೂನೆ ತೆಗೆದು ‘ಭಕ್ತಿ’ಯ ಗುರುತನ್ನು ಹೊಡೆದುಹಾಕಿದೆ. ಕಲಮಿನ ಪಕ್ಕದಲ್ಲಿ ಅಜ್ಜಿ ಅವತ್ತು ಹೇಳಿದ್ದನ್ನೇ ಬರೆದೆ: ಯಾರು ಬಂದರೆ ಅವರು. ಕೆಳಗೆ, ಅವರನ್ನು ಕೇಳಿಯೇ, ಅವರ ಹೆಸರು ಬರೆದೆ.