ಹಳೇ ಕತ್ತಿ ಫಳಫಳ ಅನ್ನಲೇಬೇಕಾ?

ಆಯುಧ ಪೂಜೆ ಹತ್ತಿರ ಬಂತು ಅಂದ್ರೆ ನನಗೊಂದು ಭಯ. ಅಟ್ಟದಿಂದ ತಾತನ ಕಾಲದ ಕತ್ತಿ ಇಳಿಯುತ್ತೆ, ಯಾರೋ ಒಬ್ಬರು ಎಮರಿ ಕಾಗದ ಹಿಡಿದು ಕೂತುಬಿಡ್ತಾರೆ. ಉತ್ಸಾಹ ಜಾಸ್ತಿ ಇದ್ದವರು ಗ್ರೈಂಡರಿಗೇ ಕೊಡ್ತಾರೆ. ಸಂಜೆಗೆ ಕತ್ತಿ ಸ್ಟೀಲ್ ತಟ್ಟೆ ಥರ ಫಳಫಳ!

ಹೋಗಿದ್ದು ಬರೀ ತುಕ್ಕಲ್ಲ ಸ್ವಾಮಿ. ಇಂಗ್ಲಿಷರು 'ವೂಟ್ಜ್' ಅಂದಿದ್ದು ನಮ್ಮ 'ಉಕ್ಕು' ಪದವನ್ನೇ ಅಂತಾರೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು 1.5%. ಅದರಿಂದಾದ ಕಾರ್ಬೈಡ್ ಸಾಲುಗಳೇ ಅಲಗಿನ ಮೇಲೆ ನೀರಿನ ಅಲೆ ಥರ ಕಾಣೋದು. ಉಜ್ಜಿದ್ರೆ ಅಲೆ ಮಾಯ. ತಿಳಿದವರು ಆಮ್ಲ ಸವರಿ ಅಲೆಯನ್ನ ಮತ್ತೆ ತರಬಹುದು.. ಆದ್ರೆ ಸವೆದುಹೋದ ಕೆತ್ತನೆ? ಗ್ರೈಂಡರ್ ಬಿಸಿಗೆ ಹದವೂ ಕೆಡುತ್ತೆ.

ಪುಡಿ ಉದುರೋ ಕೆಂಪು ತುಕ್ಕು ಮಾತ್ರ ತೆಗೀಬೇಕು. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ, ಒಂದು ದಿನ ಬಿಟ್ಟು ಹತ್ತಿ ಬಟ್ಟೆಯಲ್ಲಿ ಒರೆಸಿ. ಗಟ್ಟಿಯಾಗಿ ಕೂತ ಕಪ್ಪು ಪದರ ಕತ್ತಿಯ ವಯಸ್ಸು, ಅದು ಇರಲಿ ಬಿಡಿ. ಹುಣಸೆಹಣ್ಣು ಹಿತ್ತಾಳೆ ಚೊಂಬಿಗೆ ಸರಿ, ಇದಕ್ಕೆ ಬೇಡ. ಪೂಜೆಗೆ ನನ್ನ ತಕರಾರಿಲ್ಲ, ನಿಂಬೆರಸ ಕುಂಕುಮ ಅವತ್ತೇ ಒರೆಸಿದ್ರಾಯ್ತು. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬೇಡಿ, ತೇವ ಹಿಡಿಯುತ್ತೆ.

"ಮೊಂಡಾಗಿದೆ, ಸಾಣೆ ಹಿಡಿಸ್ಲಾ?" ಅಂತ ಕೇಳೋರೂ ಇದ್ದಾರೆ. ಯಾರನ್ನ ಕಡಿಯೋಕೆ ಮಾರಾಯ್ರೆ?