ಸೋಲಿನ ಲೆಕ್ಕವೂ ವಿಜ್ಞಾನವೇ

ವಿಜ್ಞಾನದ ಚರಿತ್ರೆಯೆಂದರೆ ಜಯಗಳ ಪಟ್ಟಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕ್ಯಾನ್ಸರ್ ಜೀವಕೋಶಗಳ ಔಷಧನಿರೋಧವನ್ನು ಕುರಿತ ಸಂಶೋಧನೆಯ ಕಥೆಯೇ ಇದಕ್ಕೆ ಸಾಕ್ಷಿ.

1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು. ಆ ಔಷಧ ತಯಾರಾದುದು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯ ಮುಖ್ಯಸ್ಥರಾಗಿದ್ದ ಲೆಡರ್ಲೆ ಪ್ರಯೋಗಶಾಲೆಯಲ್ಲಿ. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು. ಆದರೆ ರೋಗ ಮರಳಿತು. ಮೊದಲಿನ ಔಷಧಕ್ಕೆ ಬಗ್ಗದಾಯಿತು. ಫಾರ್ಬರ್ ಇದನ್ನು ಮುಚ್ಚಿಡಲಿಲ್ಲ. ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ‘ತಾತ್ಕಾಲಿಕ’ ಎಂಬ ಮಾತನ್ನು ಸೇರಿಸಿದರು.

ಏಕೆ ತಾತ್ಕಾಲಿಕ? ಜೀವಕೋಶ ಔಷಧವನ್ನು ಕಂಡು ಪಾಠ ಕಲಿಯಿತೋ, ಮೊದಲೇ ಕೆಲವು ಜಗ್ಗದ ಕೋಶಗಳಿದ್ದವೋ? 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಬ್ಯಾಕ್ಟೀರಿಯಗಳ ಮೇಲೆ ನಡೆಸಿದ್ದ ಪರೀಕ್ಷೆಯನ್ನು ಲಾಯ್ಡ್ ಲಾ 1952ರಲ್ಲಿ ಇಲಿಗಳ ರಕ್ತದ ಕ್ಯಾನ್ಸರಿಗೆ ಅನ್ವಯಿಸಿದರು. ಜಗ್ಗದ ಕೋಶಗಳು ಮೊದಲೇ ಇದ್ದವೆಂದು ಕಂಡುಬಂತು. ಜರಡಿ ಕಲ್ಲನ್ನು ಹುಟ್ಟಿಸುವುದಿಲ್ಲ, ಉಳಿಸುತ್ತದೆ, ಔಷಧವೂ ಹಾಗೆಯೇ.

ಒಂದು ಔಷಧಕ್ಕೆ ಜಗ್ಗದ ಕೋಶ ನಾಲ್ಕಕ್ಕೂ ಜಗ್ಗದಿರುವುದು ಅಪರೂಪವಲ್ಲವೆ? 1960ರ ದಶಕದಲ್ಲಿ ಫ್ರೈ, ಫ್ರೈರೈಕ್ ಮೊದಲಾದವರು ನಾಲ್ಕು ಔಷಧಗಳನ್ನು ಒಟ್ಟಿಗೆ ಪ್ರಯೋಗಿಸಿದರು. ಅಂದು ಹಿಡಿದ ದಾರಿಯಿಂದಲೇ ಇಂದು ತಕ್ಕ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಗುಣಹೊಂದುತ್ತಾರೆ.

ಆದರೂ ನಾವು ಚಾಪೆಯ ಕೆಳಗೆ ತೂರಿದರೆ ರೋಗ ರಂಗೋಲಿಯ ಕೆಳಗೆ ತೂರುತ್ತದೆ. ಜಗ್ಗದ ಕೋಶಗಳ ಹೊರಪೊರೆಯಲ್ಲಿ ಜೂಲಿಯಾನೊ ಮತ್ತು ಲಿಂಗ್ 1976ರಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ಬಗೆಬಗೆಯ ಔಷಧಗಳನ್ನು ಹೊರಕ್ಕೆ ಚೆಲ್ಲುವ ಪಂಪು ಅದು! ಅದನ್ನು ಕಟ್ಟಿಹಾಕುವ ಯತ್ನಗಳು ರೋಗಿಗಳಲ್ಲಿ ಹೆಚ್ಚಿನ ಫಲ ಕೊಡಲಿಲ್ಲ. 2001ರಲ್ಲಿ ಇಮಾಟಿನಿಬ್ ಎಂಬ ಅದ್ಭುತ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು; ಅದಕ್ಕೆ ಜಗ್ಗದ ಕೋಶಗಳ ವರದಿಯೂ ಅದೇ ವರ್ಷ ಬಂತು.

ಸೋಲನ್ನು ಹೇಳಿದರೆ ವಿದ್ಯಾರ್ಥಿಗಳು ಧೈರ್ಯಗೆಡುವರೆಂದು ಕೆಲವರು ಹೇಳಬಹುದು. ನಾನು ಒಪ್ಪಲಾರೆ. ಪ್ರೌಢಶಾಲೆಯ ಪ್ರಯೋಗದ ಪುಸ್ತಕದಲ್ಲಿ ಬಂದ ಉತ್ತರವನ್ನು ಅಳಿಸಿ, ಬರಬೇಕಾದ ಉತ್ತರವನ್ನು ಬರೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಫಾರ್ಬರ್ ಹಾಗೆ ಅಳಿಸಿದ್ದರೆ ಮುಂದಿನವರು ಯಾವ ಪ್ರಶ್ನೆಯನ್ನು ಕೇಳುತ್ತಿದ್ದರು? ನಮ್ಮ ಅಧ್ಯಾಪಕರು ತರಗತಿಯಲ್ಲಿ ಜಯದ ಜೊತೆಗೆ ಸೋಲಿನ ಲೆಕ್ಕವನ್ನೂ ಹೇಳಲಿ. ನಾವು ಅಳಿಸದೆ ಬರೆದುಕೊಳ್ಳೋಣ.