ಹೋಳಿಗೆಯ ಸಾಲ

ಕಳೆದ ಯುಗಾದಿಯ ಮುಂಜಾನೆ ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನೇರಿದ ನನ್ನ ವಿದ್ಯಾರ್ಥಿಯೊಬ್ಬನು, “ಮಧ್ಯಾಹ್ನದ ಹೋಳಿಗೆಗಳ ಸಾಲ ಈಗಲೇ ತೀರಿತು, ಸಾರ್” ಎಂದನು. ಗಣಿಸಿ ನೋಡೋಣ.

ಮೆಟ್ಟಿಲೊಂದಕ್ಕೆ 25 ಸೆಂಟಿಮೀಟರಿನಂತೆ ಏರಿದ ಎತ್ತರ 250 ಮೀಟರು. 60 ಕಿಲೋಗ್ರಾಂ ತೂಕದ ದೇಹವನ್ನು ಅಷ್ಟು ಮೇಲೆತ್ತುವ ಕಾರ್ಯ 1,47,000 ಜೌಲು. ಎಂದರೆ ಸುಮಾರು 35 ಕಿಲೋಕ್ಯಾಲರಿ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕಾರ್ಯವಾಗುತ್ತದೆ; ಉಳಿದುದು ಶಾಖವಾಗುತ್ತದೆ. ಆದ್ದರಿಂದ ಒಟ್ಟು ವೆಚ್ಚ 140 ಕಿಲೋಕ್ಯಾಲರಿ. ಇತ್ತ ಬೇಳೆ, ಬೆಲ್ಲ, ಹಿಟ್ಟು ಸೇರಿ 50 ಗ್ರಾಂ, ಮೇಲೊಂದು ಚಮಚ ತುಪ್ಪ ಇರುವ ಹೋಳಿಗೆಯೊಂದರಲ್ಲೇ 200ಕ್ಕೂ ಮಿಗಿಲು! ಏರಿದ ಶ್ರಮ ಒಂದು ಹೋಳಿಗೆಗೂ ಸಾಲದು.

“ಹಾಗಾದರೆ ಹಬ್ಬದೂಟವನ್ನೇ ಬಿಡುವೆ” ಎಂದನಾತ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ವ್ಯಾಯಾಮವು ಊಟಕ್ಕೆ ತೆರುವ ದಂಡವಲ್ಲ. ಹೃದಯಕ್ಕೂ ಸ್ನಾಯುಗಳಿಗೂ ಬಲ ಬರುವುದು ನಿತ್ಯದ ಅಭ್ಯಾಸದಿಂದ; ಒಂದು ದಿನದ ಬೆಟ್ಟ ಅದನ್ನು ಕೊಡಲಾರದು, ಒಂದು ಹಬ್ಬದೂಟ ಅದನ್ನು ಕೆಡಿಸಲಾರದು. ತಾಯಿ ನಸುಕಿನಲ್ಲೆದ್ದು ಹೂರಣ ರುಬ್ಬಿದ ಶ್ರಮವಾದರೋ ಯಾವ ಕ್ಯಾಲರಿಯ ಲೆಕ್ಕಕ್ಕೂ ಸಿಗದು. ತರುಣ ಮಿತ್ರರೇ, ಮುಂಜಾನೆ ಬೆಟ್ಟವೇರಿರಿ. ಮಧ್ಯಾಹ್ನ ಮನೆಯವರೊಡನೆ ಪಂಕ್ತಿಯಲ್ಲಿ ಕುಳಿತು ಹಸಿವಿದ್ದಷ್ಟು ಸವಿಯಿರಿ. ಗಣಿತವು ಬಾಳೆಲೆಯ ಮುಂದೆ ಕೊಂಚ ವಿರಮಿಸಲಿ.